ಬಾಲದ ಚುಕ್ಕಿ

ಉರುಳಿ ಕಾಂಚನದ ರೈಲು ಗೇಟಿನ ಈಚೆ, ಬೆಲ್ಲದ ಗಾಣದ ಹಿಂದೆ
ತಗಡಿನ ನೆರಳಲ್ಲಿ ನಿಂತಿದೆ ಟ್ರಾಕ್ಟರು.
ಕೆಂಪು ಬಣ್ಣದ್ದು ಅಂತಾಳೆ ಸಗುಣಾಬಾಯಿ ಟಿಳೇಕರ್.
ಉಗುರಲ್ಲಿ ಕೆರೆದರೆ ಅಡಿಯಲ್ಲಿ ನೀಲಿ.
ಅವಳು ಅದನ್ನು ದೌಂಡಿನಲ್ಲಿ ಯಾರದೋ ಕೈಯಿಂದ ಕೊಂಡಾಗ
ನಾನಿನ್ನೂ ಹುಟ್ಟಿರಲಿಲ್ಲ.

ಹನ್ನೊಂದು ವರ್ಷ ಸ್ಟಾರ್ಟ್ ಆಗಿಲ್ಲ.
ಸೈಲೆನ್ಸರಿನ ಬಾಯಿಗೆ ಯಾರೂ ಒಂದು ಡಬ್ಬಿ ಬೋರಲು ಹಾಕಿರಲಿಲ್ಲ.
ಹನ್ನೊಂದು ಮಳೆಗಾಲ ನೇರ ಹೊಟ್ಟೆಗೇ ಇಳಿದಿವೆ.

ಹೆಡ್ಡಿಗೆ ಹದಿನಾಲ್ಕು ನಟ್ಟು. ಹತ್ತು ಬಂದವು:
ಎರಡು ಬೈಗುಳಕ್ಕೆ, ಆರು ಪೈಪು ತೊಡಿಸಿದ ಪಾನಕ್ಕೆ,
ಇನ್ನೆರಡು ಯಾಕೆ ಬಂದವೋ ಅವಕ್ಕೇ ಗೊತ್ತು.
ನಾಲ್ಕು ಮಾತ್ರ ಕೂತೇ ಇದ್ದವು
ಬೀಗರ ಮನೆಯಲ್ಲಿ ಮುನಿಸಿಕೊಂಡ ಹಿರಿಯರ ಹಾಗೆ.

ದಸ್ತಗೀರ್ ಉಸ್ತಾದ ಸಿಂದಗಿ ಕಡೆಯವರು.
ನಲವತ್ತು ವರ್ಷದಿಂದ ಇಲ್ಲಿ ಮರಾಠಿಯಲ್ಲಿ ಲೆಕ್ಕ,
ಹಿಂದಿಯಲ್ಲಿ ಉದ್ರಿ ವಸೂಲಿ.
ತುಕ್ಕಿಗೆ ಮಾತ್ರ ಕನ್ನಡದಲ್ಲೇ ಬೈಯುತ್ತಾರೆ:
“ಯಾವ ಹಲ್ಕಟ್ ಬಿಗದಾನೋ ಇದನ್ನ!
ಬಾಸಿಂಗ ಕಟ್ಟಿದಂಗ ಕಟ್ಟಬೇಕು,
ಹೆಣ ಕಟ್ಟಿದಂಗ ಕಟ್ಟ್ಯಾನ.”

ಗ್ಯಾಸು ಹಚ್ಚಿ ನಟ್ಟಿನ ಕೆನ್ನೆ ಕಾಯಿಸಿ
ಮೇಣದಬತ್ತಿಯ ತುದಿ ಮುಟ್ಟಿಸಿದೆ.
ಇಲ್ಲಿಯವರು ಆಟೆ ಅನ್ನುವ ಆ ಸುರುಳಿ ಸಂದಿಗೆ
ಮೇಣ ಕಳ್ಳನ ಹಾಗೆ ಇಳಿಯಿತು.
ಸದ್ದು ಕೇಳಲೇ, ಅಂತಾರೆ ಉಸ್ತಾದ,
ಹಿಡಿದಿದ್ದರೆ ಟಣ್, ಬಿಟ್ಟರೆ ಟಪ್.
ಅವೆರಡರ ನಡುವೆ ಒಂದು ಸದ್ದಿದೆ, ಹೆಸರಿಲ್ಲ ಅದಕ್ಕೆ.
ಅದು ಕೇಳಿದೊಡನೆ ಕೈ ತಡೆಯಬೇಕು.
ನನಗೆ ಕೇಳಲಿಲ್ಲ.
ಸ್ಟಡ್ಡು ಕುತ್ತಿಗೆಗೇ ಮುರಿಯಿತು.

ಅವರು ನನ್ನನ್ನು ಬೈಯಲಿಲ್ಲ. ಮುರಿದ ಮೊಂಡಿಗೆ
ಹೊಸ ನಟ್ಟು ಇಟ್ಟು ವೆಲ್ಡ್ ಮಾಡಿದರು.
ಬೆಸುಗೆಯ ಬಿಸಿಗೇ ಅದು ಸಡಿಲಾಗಿ ತಿರುಗಿತು.
ಬೈದದ್ದು ಮತ್ತೆ ಅವನನ್ನೇ, ಬಿಗಿದವನನ್ನು,
ಅವನ ಮುತ್ತಜ್ಜನ ತನಕ.

ಪಿಸ್ಟನ್ ಮೂರು. ಎರಡು ಬಂದವು. ಮೂರನೆಯದು ಲೈನರಿಗೆ ಕಚ್ಚಿತ್ತು.
ಡೀಸೆಲ್ಲು, ಬ್ರೇಕ್ ಆಯಿಲು ಹೊಯ್ದು
ಕಡಲೆ ನೆನೆ ಹಾಕಿದಂತೆ ನಾಲ್ಕು ದಿನ ಬಿಟ್ಟೆವು.
ದಿನಾ ಸಂಜೆ ಸಗುಣಾಬಾಯಿ ಬಗ್ಗಿ ನೋಡುತ್ತಿದ್ದಳು:
“ಝಾಲ ಕಾ?”
ಇಲ್ಲ.

ಐದನೆಯ ದಿನ ಚೇಂಬರು ಇಳಿಸಿ ನಾನು ಅಡಿಯಲ್ಲಿ ಮಲಗಿ
ಮೂರನೆಯ ರಾಡಿನ ಟೋಪಿ ಬಿಚ್ಚಿದೆ.
ಅದರ ಕೆನ್ನೆಯ ಮೇಲೆ ನಂಬರಿಗೆಂದು ಹೊಡೆದ ಚುಕ್ಕಿ ಮೂರು.
ಒಂದೊಂದಕ್ಕೂ ಬಾಲ.
ತುದಿ ಮುರಿದ ಪಂಚಿನಲ್ಲಿ ಹೊಡೆದರೆ ಹಾಗೆ ಬೀಳುತ್ತದೆ
ಗೊದಮೊಟ್ಟೆಯ ಹಾಗೆ.

ಆ ಪಂಚು ನನಗೆ ಗೊತ್ತು.
ಬೆಳಿಗ್ಗೆಯಷ್ಟೇ ಬಳಸಿದ್ದೆ.
ನಮ್ಮ ಪೆಟ್ಟಿಗೆಯ ಎಡ ಖಾನೆಯಲ್ಲಿದೆ.

ಮೇಲೆ ಬೈಗುಳ ಸಾಗಿಯೇ ಇತ್ತು.
ಎದೆಯ ಮೇಲೆ ಕರಿ ಎಣ್ಣೆ ತೊಟ್ಟಿಕ್ಕುತ್ತಿತ್ತು.
ಟೋಪಿಯನ್ನು ಅಂಗಿಗೆ ಒರೆಸಿದೆ, ಮತ್ತೆ ಒರೆಸಿದೆ,
ಒರೆಸಿದರೆ ಹೋಗುವಂಥದ್ದಲ್ಲ.
“ಏನಲೇ, ನಿದ್ದಿ ಹತ್ತೇತೇನು?”
ಕೈ ಹೊರಚಾಚಿ ಕೊಟ್ಟೆ.

ಸೋಲಾಪುರದ ಗಾಡಿ ಹಾದುಹೋಯಿತು, ಬಹಳ ಡಬ್ಬಿಗಳ ಗಾಡಿ.
ಅದು ಮುಗಿದ ಮೇಲೂ ಬೈಗುಳ ಕೇಳಿಸಲಿಲ್ಲ.
ಉಸ್ತಾದರ ಚಪ್ಪಲಿ ಮಾತ್ರ ಕಾಣುತ್ತಿತ್ತು, ಅಲ್ಲಾಡದೆ.
ಆಮೇಲೆ ಸಣ್ಣ ದನಿ:
“ಕಟ್ಟಿಗಿ ತುಂಡು ಇಟ್ಟು ಬಡಿ. ಮೆತ್ತಗ.”

ಟಣ್. ಟಣ್. ಟಣ್.
ಆಮೇಲೆ ಅದು, ಹೆಸರಿಲ್ಲದ್ದು. ಈ ಸಲ ಕೇಳಿತು.
ಕೈ ತಡೆದೆ. ಉಸಿರು ಬಿಟ್ಟು ಮತ್ತೊಂದೇ ಏಟು.
ಪಿಸ್ಟನ್ ಹೆಬ್ಬೆರಳಷ್ಟು ಮೇಲೆದ್ದಿತು.

ಸಂಜೆ ಸಗುಣಾಬಾಯಿ ಕೇಳಿದಳು
ಐದು ದಿನ ಬೈಸಿಕೊಂಡ ಆ ಪುಣ್ಯಾತ್ಮ ಯಾರು ಅಂತ.
“ಮೀಚ್, ಬಾಯಿ,” ಅಂದರು ಉಸ್ತಾದ.
ನಾನೇ. ಆಗ ಇದು ನೀಲಿ ಇತ್ತು, ಯವತದವರದು.
ತೋಳಾಗ ಸೊಕ್ಕಿತ್ತು.

ಆಕೆ ಬೆರಳು ಮಡಿಚಿ ಲೆಕ್ಕ ಹಾಕಿದಳು.
ಹಾಗಾದರೆ ಬಿಚ್ಚಿದ ಮಜೂರಿ ಅರ್ಧ.
ಮುಕ್ಕಾಲು, ಅಂದರು ಉಸ್ತಾದ.
ಕತ್ತಲಾಗುವ ತನಕ ಅದೇ ನಡೆಯಿತು.

ಪೆಟ್ಟಿಗೆ ಮುಚ್ಚುವಾಗ ಪಂಚು ಕೈಗೆ ಬಂತು.
ಕಲ್ಲಿಗೆ ಉಜ್ಜಿ ತುದಿ ಮಾಡಲೇನು, ಕೇಳಿದೆ.
“ಬ್ಯಾಡ,” ಅಂದರು,
“ಗುರುತು ಸಿಗಬೇಕಲ್ಲ.”