ಎರಡನೆಯ ಅಂಕಿ

ಮಾಯ್ಮು ಅಜ್ಜಿ ಮೇಜಿನ ಮೇಲಿನ ಕಪ್ಪುರೊಟ್ಟಿಯ ಚೂರುಗಳನ್ನು
ಅಂಗೈ ಅಂಚಿನಿಂದ ಒತ್ತಟ್ಟಿಗೆ ಸರಿಸಿ
ಗುರುತಿನ ಚೀಟಿಯನ್ನು ಯಂತ್ರದ ಬಾಯಿಗಿಡುತ್ತಾಳೆ.
ಹಸಿರು ದೀಪ ಮಿಣುಕುತ್ತದೆ.
"ಮೊದಲ ಗುಟ್ಟಿನ ಅಂಕಿ ನಾನು ಯಾರು ಅನ್ನೋದಕ್ಕೆ,
ಎರಡನೇದು ಹೌದು ಅನ್ನೋದಕ್ಕೆ.
ಎರಡೂ ಒಂದೇ ಅಲ್ಲ, ತಿಳೀತಾ ಬೆಗಿಮಾಯ್?
ಎಷ್ಟೋ ಜನ ಮೊದಲನೇದರಲ್ಲೇ ಆಯುಷ್ಯ ಕಳೀತಾರೆ."
ಹೊರಗೆ ತಾರ್ತು ಊರಿನ ಹಿಮ, ಮೈನಸ್ ಹದಿನೇಳು.
ಅಜ್ಜಿಗೆ ಎಂಬತ್ತೊಂದು.

ನಾನು ಬಂದದ್ದು ಇದನ್ನೇ ಓದುವುದಕ್ಕೆ.
ನದಿಯಾಚೆಯ ಕಟ್ಟಡದ ಮೂರನೇ ಮಹಡಿಯಲ್ಲಿ
ಪ್ರಾಧ್ಯಾಪಕರು ಪರದೆಯ ಮೇಲೆ ವೃತ್ತಗಳನ್ನೆಳೆದು
ಒಂದರಲ್ಲಿ ಸರ್ಕಾರ, ಒಂದರಲ್ಲಿ ಮಾರುಕಟ್ಟೆ ಕೂರಿಸಿ
ನಡುವೆ ಉಳಿದ ಜಾಗಕ್ಕೆ ನಾಗರಿಕ ಸಮಾಜವೆಂದು ಹೆಸರಿಟ್ಟರು.
ಆ ಜಾಗವನ್ನು ಡಿಜಿಟಲ್ ತಂತ್ರಜ್ಞಾನ ಏನು ಮಾಡಿತು?
ಎರಡು ಸಾವಿರ ಪದ, ಶುಕ್ರವಾರದೊಳಗೆ.
ಪಕ್ಕದ ಕ್ವಾಬೆನಾ, ಘಾನಾದವನು, ಪಿಸುಗುಟ್ಟಿದ:
"ನಮ್ಮೂರಲ್ಲಿ ಆ ಜಾಗದಲ್ಲಿ ಟ್ಯಾಕ್ಸಿ ನಿಲ್ದಾಣ ಇದೆ."
ನಕ್ಕೆ.
ನಮ್ಮಲ್ಲಿ ಗೋಡೆ ಇತ್ತು.

ಓಶ್ ಊರಿನ ಗೋಡೆ, ಮಣ್ಣಿನದು, ಎದೆಮಟ್ಟದ್ದು.
ಈಚೆ ಕಿರ್ಗಿಜರು ನಾವು, ಆಚೆ ಉಜ್ಬೆಕರ ಮುಖದ್ದಸ್ ಅಕ್ಕ.
ಅವಳ ತಂದೂರಿನ ಬಿಸಿಗೆ
ನಮ್ಮ ಬೆಕ್ಕು ಗೋಡೆಯ ಮೇಲೆ ಮಲಗುತ್ತಿತ್ತು.
ನನಗೆ ಒಂಬತ್ತು. ಜೂನ್. ಅಂಗಳದ ತುಂಬ ಜರ್ದಾಳು.
ಅಪ್ಪನ ಫೋನು ನಡುರಾತ್ರಿ ನಡುಗಿತು:
ಅವರು ಬರುತ್ತಿದ್ದಾರೆ.
ಯಾರು, ಎಲ್ಲಿಂದ, ಹೇಳಿದವರಾರು,
ಕೆಳಗೆ ಹೆಸರಿಲ್ಲ.
ಅಪ್ಪ ಅಗುಳಿ ಹಾಕಿದ.
ಆಚೆಯೂ ಅಗುಳಿ ಬಿದ್ದ ಸದ್ದು.
ವರ್ಷಗಳಾದ ಮೇಲೆ ತಿಳಿಯಿತು,
ಆ ರಾತ್ರಿ ಮುಖದ್ದಸ್ ಅಕ್ಕನ ಫೋನಿಗೂ ಬಂದದ್ದು
ಅವೇ ಎರಡು ಪದ.

ಸಂದರ್ಶನದಲ್ಲಿ ಇದನ್ನು ಹೇಳಲಿಲ್ಲ.
"ಡಿಜಿಟಲ್ ಪಾಲ್ಗೊಳ್ಳುವಿಕೆಯಲ್ಲಿ ಆಸಕ್ತಿ" ಅಂದೆ.
ವಿದ್ಯಾರ್ಥಿವೇತನ ಕೊಟ್ಟರು.

ಈ ಬೀದಿಯ ಕೊನೆಯ ಗ್ರಂಥಾಲಯ ಮುಚ್ಚುತ್ತಾರಂತೆ.
ಎರಡು ಕೋಣೆ, ಒಂದು ಹೆಂಚಿನ ಒಲೆ,
ಚಳಿಗಾಲದಲ್ಲಿ ಓದಲಿಕ್ಕಿಂತ ಕೂರಲಿಕ್ಕೆ ಬರುವವರೇ ಹೆಚ್ಚು.
ಅಜ್ಜಿ ಎರಡನೆಯ ಅಂಕಿ ಒತ್ತಿದಳು.
ನಾಲ್ಕು ರಾತ್ರಿಗೆ ಎರಡು ಸಾವಿರದ ಹದಿನಾರು ಸಹಿ.
ಏರುವ ಗೆರೆಯ ನಕ್ಷೆ ಬರೆದು ಪ್ರಾಧ್ಯಾಪಕರಿಗೆ ತೋರಿಸಿದೆ, ಹಿಗ್ಗಿದರು.
ನಗರಸಭೆ ಬರೆಯಿತು: ಮನವಿ ಸ್ವೀಕರಿಸಲಾಗಿದೆ.
ಅದಕ್ಕೂ ಸಹಿ ಇತ್ತು, ಹಸಿರು ಗುರುತೂ ಇತ್ತು.
"ಇನ್ನೇನು ಮಾಡೋದು?"
"ಹೋಗಿ ಕೂರೋದು."

ಉಣ್ಣೆಯ ಕಾಲುಚೀಲ ಎರಡು ಜೊತೆ, ಫ್ಲಾಸ್ಕಿನಲ್ಲಿ ಚಹಾ.
ದಾರಿಯುದ್ದಕ್ಕೂ ಅಜ್ಜಿ ಎಂಬತ್ತೊಂಬತ್ತರ ಆಗಸ್ಟಿನಲ್ಲಿದ್ದಳು:
ಮೂರು ದೇಶದ ಜನ ಹೆದ್ದಾರಿಯಲ್ಲಿ ಕೈಕೈ ಹಿಡಿದು ನಿಂತಾಗ
ಎಡಗಡೆಯವನ ಅಂಗೈ ತುಂಬಾ ಬೆವರುತ್ತಿತ್ತಂತೆ.
"ಹೆಸರು ಕೇಳಲೇ ಇಲ್ಲ ನೋಡು. ಅದೊಂದು ತಪ್ಪಾಯ್ತು."

ಬಂದವರು ಒಂಬತ್ತು ಜನ.
ಬಸ್ ಓಡಿಸುವ ರೈವೊ, ರಷ್ಯನ್ನಿನಲ್ಲೇ ಗೊಣಗುವ ಗಲೀನಾ,
ಜಾರುಬಂಡಿಯಲ್ಲಿ ಮಗು ಮಲಗಿಸಿಕೊಂಡು ಬಂದ ತಾಯಿ,
ಮನವಿಯ ಪುಟ ಕಟ್ಟಿದ ಹುಡುಗ ಊಕು,
ಫೋನಿನಿಂದ ತಲೆಯೆತ್ತದೆ.
ಲೆಕ್ಕ ಸರಿಯಿದ್ದರೆ ಉಳಿದ ಎರಡು ಸಾವಿರದ ಏಳು ಜನ
ಮನೆಯಲ್ಲಿ ಬೆಚ್ಚಗಿದ್ದರು.
ಅವರ ಮೇಲೆ ಸಿಟ್ಟು ಬರಲಿಲ್ಲ. ಚಳಿ ಹಾಗಿತ್ತು.
ನಾನು ಟಿಪ್ಪಣಿ ಪುಸ್ತಕದಲ್ಲಿ ಒಂಬತ್ತು ಎಂದು ಬರೆದುಕೊಂಡೆ.

ಗ್ರಂಥಪಾಲಕಿ ದಾರ ಕಟ್ಟಿದ ಪೆನ್ಸಿಲ್ಲು, ರಿಜಿಸ್ಟರು ಮುಂದೆ ತಳ್ಳಿದಳು.
"ನಾನು ಸಂಶೋಧಕಿ, ನೋಡಲಿಕ್ಕೆ ಬಂದವಳು."
"ನೋಡೋರಿಗೂ ಹೆಸರಿರುತ್ತಲ್ಲ?"
ಬರೆದೆ, ನಮ್ಮ ಲಿಪಿಯಲ್ಲಿ, ಅಪ್ಪನ ಹೆಸರೂ ಸೇರಿಸಿ.
ಒತ್ತಿದ ರಭಸಕ್ಕೆ ಮೊನೆ ಮುರಿಯಿತು.
ಗಲೀನಾ ಕೈಚೀಲದಿಂದ ಚಾಕು ತೆಗೆದು
ಮಾತಿಲ್ಲದೆ ಹೆರೆದುಕೊಟ್ಟಳು.

ಆ ರಾತ್ರಿ ಅಮ್ಮನಿಗೆ ಫೋನ್ ಮಾಡಿ
ಮುಖದ್ದಸ್ ಅಕ್ಕನ ನಂಬರು ಕೇಳಿದೆ.
ಬಹಳ ಹೊತ್ತು ಬರೀ ನಲ್ಲಿಯ ಸದ್ದು.
"ಯಾಕೆ ಈಗ?" ಅಂದಳು. ಆಮೇಲೆ
ಒಂದೊಂದೇ ಅಂಕಿ, ನೋಡಿಕೊಳ್ಳದೆ, ಬಾಯಿಪಾಠ ಹೇಳಿದಳು.

ಖಾಲಿ ಸಂದೇಶ ತೆರೆದಿದ್ದೇನೆ.
ಎಲ್ಲಕ್ಕಿಂತ ಕೆಳಗೆ, ಮೊದಲು, ಹೆಸರು ಬರೆದೆ.
ಮೇಲೆ ಏನು ಬರೆಯಬೇಕೋ
ಇನ್ನೂ ಗೊತ್ತಾಗಿಲ್ಲ.