ಸೀಮೆಎಣ್ಣೆಯ ಲೆಕ್ಕ

ಪಂಜಕೆಂತಿನ ಕಣ್ಣಾಸ್ಪತ್ರೆಯಲ್ಲಿ ನಾನು ಹನಿ ಹಾಕುವವಳು.
ಹನಿ ಇಳಿದು ಪಾಪೆ ಅಗಲವಾಗಲು
ಇಪ್ಪತ್ತು ನಿಮಿಷ ಬೇಕು.
ಅಷ್ಟು ಹೊತ್ತು ಎಲ್ಲರೂ ಮಾತಾಡುತ್ತಾರೆ.

ಒಯ್‌ಜಮೋಲ್ ಅಜ್ಜಿ ಬಂದದ್ದು
ಜರ್ದಾಲು ಹಣ್ಣು ಒಣಗಿಸುವ ತಿಂಗಳು,
ಬೆರಳ ಸಂದಿಯಲ್ಲಿ ಇನ್ನೂ ಅದರ ಅಂಟು.
ಹತ್ತು ವರ್ಷ ಕಾದೆ ತಾಯಿ, ಅಂದಳು.
ಪೊರೆ ಬಲಿಯಲಿ, ಹಣ್ಣಾಗಲಿ, ಆಮೇಲೆ ಕೀಳಿಸು
ಅಂದಿದ್ದರು ಊರವರು.
ತೊಟ್ಟು ಕಳಚಿ ತಾನೇ ಬಿದ್ದೀತೆಂದು
ಮರದ ಕೆಳಗೆ ಚಾದರ ಹಾಸಿದ ಹಾಗೆ ಕೂತಿದ್ದೆ.

ಪೊರೆಗೆ ಸುಗ್ಗಿಯಿಲ್ಲ ಅಜ್ಜಿ,
ಸೂಜಿಗೆ ಅಡ್ಡ ಬಂದ ದಿನವೇ ತೆಗೆಯಬಹುದಿತ್ತು.
ಬಲಿತರೆ ಕಲ್ಲು. ವೈದ್ಯರಿಗೇ ಕಷ್ಟ.

ಚಹದ ಚರಟದಲ್ಲಿ ತೊಳೆದಿದ್ದಳು.
ಸಕ್ಕರೆ ಅರೆದು ಕೊಳವೆಯಿಂದ ಊದಿಸಿಕೊಂಡಿದ್ದಳು
(ಇದನ್ನು ಹೇಳುವಾಗ ದನಿ ತಗ್ಗಿತು).
ಹಜೋರಿಸ್ಪಂದ್ ಸೊಪ್ಪಿನ ಹೊಗೆ, ಮೂರು ಬುಧವಾರ.
ಪಲಾವಿನ ಕಡಾಯಿಯಲ್ಲಿ ಎಲ್ಲರ ಪಾಲಿನ ಕ್ಯಾರೆಟ್ಟೂ
ತನಗೇ ಬಡಿಸಿಕೊಂಡಿದ್ದಳು.
ಒಳ್ಳೆಯದೇ ಅಂದೆ, ಉಣ್ಣಲಿಲ್ಲದ ಮಕ್ಕಳನ್ನು
ಇರುಳುಗಣ್ಣಿನಿಂದ ಕಾಯುತ್ತದೆ,
ಮುಪ್ಪನ್ನು ಒರೆಸುವ ಬಟ್ಟೆಯಲ್ಲ.
ನಕ್ಕಳು.

ಆಮೇಲೆ ಹೇಳಿದಳು, ನನಗಲ್ಲ, ಗೋಡೆಗೆ:
ಇವು ಹೋದದ್ದು ಯಾವುದಕ್ಕೆಂದು ನನಗೆ ಗೊತ್ತು.
ದೊಡ್ಡ ದೇಶ ಒಡೆಯಿತು, ತಂತಿಯಲ್ಲಿ ಕರೆಂಟು ಸತ್ತಿತು,
ದುಶಾನ್‌ಬೆ ಕಡೆ ಹೋದ ಗಂಡ ಬರಲಿಲ್ಲ.
ಐದು ಚಳಿಗಾಲ
ಸೀಮೆಎಣ್ಣೆ ದೀಪದ ಕೆಳಗೆ ಸುಜನಿ ಹೊಲಿದೆ.
ಒಂದು ಸುಜನಿಗೆ ಒಂದು ಮೂಟೆ ಹಿಟ್ಟು.
ಬತ್ತಿ ತಗ್ಗಿಸಿದಷ್ಟೂ ಎಣ್ಣೆ ಉಳಿಯುತ್ತಿತ್ತು,
ಉಳಿದ ಎಣ್ಣೆಯೆಲ್ಲ ಕಣ್ಣಿಂದ ಹೋಗುತ್ತಿತ್ತು.
ಮೂರು ಮಕ್ಕಳು ಬದುಕಿದವು.
ಎರಡು ಕಣ್ಣು ಕೊಟ್ಟೆ.
ನಷ್ಟವೇನಲ್ಲ.

ನಾನು ಓದಿದವಳು. ಥಟ್ಟನೆ ಅಂದುಬಿಟ್ಟೆ:
ಮಂದ ಬೆಳಕು ಕಣ್ಣನ್ನು ದಣಿಸುತ್ತದೆ, ಕೆಡಿಸುವುದಿಲ್ಲ ಅಜ್ಜಿ,
ಮಲಗಿ ಎದ್ದರೆ ದಣಿವು ಹೋಯಿತು.
ಇದು ವಯಸ್ಸು, ಸ್ವಲ್ಪ ಈ ಬೆಟ್ಟದ ಬಿಸಿಲು.
ಹೊಲಿಯದಿದ್ದರೂ ಬರುತ್ತಿತ್ತು.

ಅವಳು ತುಂಬ ಹೊತ್ತು ಮಾತಾಡಲಿಲ್ಲ.
ಪಾಪೆಗಳು ಅಗಲವಾಗುತ್ತಿದ್ದವು.
"ಹೊಲಿಯದಿದ್ದರೂ?"
ಹೂಂ.
"ಹಾಗಾದರೆ ಆ ಐದು ಚಳಿಗಾಲವನ್ನು
ಯಾವ ಖಾತೆಗೆ ಬರೆಯಲಿ?"

ಕಣ್ಣಿನ ಪೊರೆ ತೆಗೆದದ್ದು ವೈದ್ಯರು, ಕಾಲು ಗಂಟೆ.
ಇಷ್ಟು ವರ್ಷ ಅವಳನ್ನು ಪೊರೆದದ್ದನ್ನು
ಕಿತ್ತವಳು ನಾನು, ಒಂದೇ ಮಾತಲ್ಲಿ,
ಮರಗಟ್ಟಿಸುವ ಹನಿಯನ್ನೂ ಹಾಕದೆ.

ಮರುದಿನ ಪಟ್ಟಿ ಬಿಚ್ಚಿದೆ.
ಮೊದಲು ನನ್ನ ಮುಖ ನೋಡಿದಳು, ದಯೆಯಿಂದ ಏನೂ ಹೇಳಲಿಲ್ಲ.
ಚೀಲದಿಂದ ಅರ್ಧ ಹೊಲಿದ ಸುಜನಿ ತೆಗೆದಳು,
ಮೊಮ್ಮಗಳು ಶಹ್ಲೋಳ ಮದುವೆಗೆಂದು.
ಈ ಕಣ್ಣು ಮುಚ್ಚಿದಳು, ಆ ಕಣ್ಣು ಮುಚ್ಚಿದಳು.
ಹಳೆಯ ಕಣ್ಣಿಗೆ ಬಿಳಿ ಬಟ್ಟೆಯೂ ಚಹದ ಬಣ್ಣ.
ಹೊಸ ಕಣ್ಣಿಗೆ
ನೀಲಿಯೆಂದು ಹೊಲಿದ ಹೂವೆಲ್ಲ ಕಪ್ಪು.

"ಯಾಕೆ ಹೇಳಲಿಲ್ಲ ನೀನು?"
ಸೂಜಿಗೆ ದಾರ ಪೋಣಿಸಿ ಕೊಡುವ ಹುಡುಗಿ
ಬಾಗಿಲ ಬಳಿ ನಿಂತು ಕಣ್ಣು ಕಿರಿದು ಮಾಡಿದಳು:
"ಎಷ್ಟು ಗಟ್ಟಿಯಾಗಿ ನೀಲಿ ಅನ್ನುತ್ತಿದ್ದೆ, ಅಜ್ಜಿ."

ಒಯ್‌ಜಮೋಲ್ ದಾರ ಬಿಚ್ಚಲಿಲ್ಲ. ಮಡಿಸಿಟ್ಟಳು.
ಬಾಗಿಲ ಕಡೆಗೇ ನೋಡುತ್ತಾ ನನಗೆ ಅಂದಳು,
ಇವಳಿಗೆ ಕರಿಹಲಗೆ ಕಾಣುವುದಿಲ್ಲ.
ಕನ್ನಡಕ ಹಾಕಿದರೆ ಕಣ್ಣು ಸೋಮಾರಿಯಾಗುತ್ತದೆ
ಅಂತ ಬೇಡವೆಂದವಳು ನಾನೇ.
ಅದೂ ಸುಳ್ಳಿರಬೇಕಲ್ಲ?

ಸುಳ್ಳು, ಅಂದೆ, ಈ ಸಲ ಮೆಲ್ಲಗೆ.

ಸರಿ, ಇವಳಿಗೂ ಹನಿ ಹಾಕು.
ಆದರೆ ಆ ಸೀಮೆಎಣ್ಣೆಯ ವಿಷಯ
ನೀನು ನಿನ್ನೆ ಏನೋ ಹೇಳಿದೆ.
ಕೇಳಿಸಲಿಲ್ಲ ನನಗೆ.
ಕಿವಿ ಸ್ವಲ್ಪ ಮಂದ.