ಒಣಗಿದ ದೋಣಿ

ಸಾವಿರ ಕಳಿಸಿದೆ, ಒಂಬೈನೂರ ಎಂಬತ್ತಾರು ಮರಳಿದವು.
ಹದಿನಾಲ್ಕರ ಪತ್ತೆಯಿಲ್ಲ.
ಕಾರ್ಡಿನ ಬೆನ್ನಿಗಿರುವ ಹಸಿರು ದೀಪ ಮಾತ್ರ
ಮದುವೆಮನೆಯ ಯಜಮಾನನ ಹಾಗೆ
ಎಲ್ಲ ಸರಿಯಿದೆ, ಎಲ್ಲ ಸರಿಯಿದೆ ಎಂದು ಕಣ್ಣು ಮಿಟುಕಿಸುತ್ತಿದೆ.

ಊರಿನ ಹೆಸರು ಸೂರ್. ಒಮಾನಿನ ಪೂರ್ವದ ಅಂಚು.
ನನ್ನ ಸೂರು ಕಂಪನಿಯದು: ತಗಡಿನ ಕೋಣೆ, ಗೊರಕೆ ಹೊಡೆಯುವ ಏಸಿ,
ಗೋಡೆಯಾಚೆ ಸಮುದ್ರದ ಉಪ್ಪು ಕಳೆದು
ಊರಿಗೆ ಕುಡಿಯಲು ಕೊಡುವ ಯಂತ್ರಗಳು.
ಪರದೆಯ ಮೇಲೆ ಮೂರನೇ ಪಂಪಿನ ಒತ್ತಡ
ಐವತ್ತೆಂಟು, ಐವತ್ತೆಂಟು, ಐವತ್ತೆಂಟು,
ಆಮೇಲೊಂದು ಅಡ್ಡಗೆರೆ.
ಮತ್ತೆ ಐವತ್ತೆಂಟು, ಏನೂ ಆಗದವರಂತೆ.

ಮಸ್ಕತ್ತಿನಿಂದ ಕುರಿಯಾಕೋಸ್ ಫೋನಿನಲ್ಲಿ:
"ಕೇಬಲ್ ಬದಲಾಯಿಸು ಮೇಬಲ್, ಯಾವಾಗಲೂ ಕೇಬಲ್ಲೇ."
ತನ್ನ ಪ್ರಾಸಕ್ಕೆ ತಾನೇ ನಕ್ಕ.
ಬದಲಾಯಿಸಿದೆ.
ಸ್ವಿಚ್ಚಿನ ಏಳನೇ ಕಿಂಡಿಯಿಂದ ಹನ್ನೊಂದನೆಯದಕ್ಕೆ ಹಾರಿಸಿದೆ.
ಲೆಕ್ಕ ತೆಗೆದು ನೋಡಿದೆ: ಡಿಕ್ಕಿ ಸೊನ್ನೆ, ಮುರಿದು ಬಂದದ್ದು ಸೊನ್ನೆ.
ಬಾಗಿಲ ತನಕ ಯಾರೂ ಬರಲೇ ಇಲ್ಲವೆನ್ನುತ್ತದೆ ಕಾರ್ಡು.
ಬಫರು ಸಾಲದೇನೋ ಎಂದು
ಇನ್ನೂರ ಐವತ್ತಾರನ್ನು ನಾಲ್ಕು ಸಾವಿರಕ್ಕೆ ಹಿಗ್ಗಿಸಿದೆ,
ನಾಲ್ಕು ಮಂದಿಯ ಊಟಕ್ಕೆ ಸಭಾಭವನವಿಡೀ ಬೆಂಚು ಹಾಕಿದಂತೆ.
ಅದೇ ಹದಿನಾಲ್ಕು.
ಡ್ರೈವರು ಎಂಟು ವರ್ಷ ಹಳೆಯದು. ಹೊಸತು ಹಾಕಿದೆ.
ಹದಿನೈದಾಯಿತು.

ಕುಣಿಯಲಾರದವಳಿಗೆ ನೆಲ ಡೊಂಕಾಗುವ ಹೊತ್ತು:
ಸೆಕೆಗೆ ಬೈದೆ, ಉಪ್ಪುಗಾಳಿಗೆ ಬೈದೆ.

ಖಮೀಸ್ ಬಿನ್ ಸುಲೈಮ್, ರಾತ್ರಿ ಪಾಳಿಯ ಆಪರೇಟರ್,
ಪರದೆಯನ್ನು ನಂಬುವವನಲ್ಲ.
ಗಂಟೆಗೊಮ್ಮೆ ಟಾರ್ಚು ಹಿಡಿದು ಪಂಪಿನ ಬಳಿ ಹೋಗಿ
ಮುಳ್ಳು ನೋಡಿ ಬಂದು ಪುಸ್ತಕದಲ್ಲಿ ಬರೆಯುತ್ತಾನೆ.
ನನ್ನ ಮುರುಕು ಅರಬಿಗೆ ತಕ್ಕಷ್ಟು ನಿಧಾನವಾಗಿ ಹೇಳಿದ:
ಹಗಲು ಹೋಗುವುದಿಲ್ಲ, ಮುಹಂದಿಸಾ.
ಹತ್ತೂ ಪಂಪು ಅರಚುವಾಗ ಒಂದೂ ಹೋಗುವುದಿಲ್ಲ.
ಎಲ್ಲ ತಣ್ಣಗಾದ ಮೇಲೆ ಹೋಗುತ್ತದೆ.

ಜಾತ್ರೆಯಲ್ಲಿ ಕಳೆದುಹೋಗುವವರು ಗೊತ್ತು ನನಗೆ.
ಖಾಲಿ ದಾರಿಯಲ್ಲಿ ಯಾರು ಕಳೆದುಹೋಗುತ್ತಾರೆ?

ಖಾವಾ ಬಗ್ಗಿಸುತ್ತ ಅಪ್ಪನ ಮಾತು ತೆಗೆದ.
ಇದೇ ಹಿನ್ನೀರ ದಡದಲ್ಲಿ ದೋಣಿ ಕಟ್ಟುತ್ತಿದ್ದವನು.
ದುಡಿಯುವ ದೋಣಿ ಸೋರುವುದಿಲ್ಲ.
ದಡಕ್ಕೆಳೆದು ಒಂದು ಬೇಸಿಗೆ ಸುಮ್ಮನೆ ಬಿಡು,
ಹಲಗೆ ಒಣಗಿ ಸಂದು ಬಾಯಿಬಿಡುತ್ತದೆ;
ಇಳಿಸಿದೊಡನೆ ಮೊದಲ ನೀರೆಲ್ಲ ಒಳಗೆ.
ಎರಡು ದಿನ ನೆನೆದು ಮರ ಉಬ್ಬಿತೋ,
ಆಮೇಲೆ ಹನಿ ನುಗ್ಗದು.

ಕಪ್ಪು ಕೆಳಗಿಟ್ಟೆ.
ಕಾರ್ಡಿನ ಸೆಟ್ಟಿಂಗುಗಳ ಪಟ್ಟಿ ತೆರೆದು ತಳದವರೆಗೆ ಇಳಿದೆ.
ಅಲ್ಲಿತ್ತು, ಯಾರೂ ಇಣುಕದ ಸಾಲು: ವಿದ್ಯುತ್ ಉಳಿತಾಯ, ಚಾಲೂ.
ಕೆಲಸವಿಲ್ಲದಾಗ ಕಣ್ಣು ಮುಚ್ಚು ಎಂದು
ಯಾವನೋ ಜಿಪುಣ ಬರೆದಿಟ್ಟ ಅಪ್ಪಣೆ.
ಸದ್ದಡಗಿದೊಡನೆ ತೂಕಡಿಸುತ್ತದೆ,
ಕರೆದರೆ ಏಳುತ್ತದೆ, ಏಳುವಷ್ಟರಲ್ಲಿ
ಕರೆದ ಮೊದಲ ಮಾತು ದಾಟಿಹೋಗಿರುತ್ತದೆ.
ಎರಡನೆಯದರಿಂದ ಎಲ್ಲ ಸ್ಪಷ್ಟ.

ಇಪ್ಪತ್ತು ದಿನಕ್ಕೊಮ್ಮೆ ರಿಗ್ಗಿನಿಂದ ಗಂಡನ ಫೋನು ಬಂದಾಗ
ಇಬ್ಬರೂ ಮೂರು ಮೂರು ಸಲ ಹಲೋ ಎನ್ನುವುದು ನೆನಪಾಯಿತು.
ಇರಲಿ. ಅದಕ್ಕೆ ಪಟ್ಟಿಯಿಲ್ಲ.

ಬಂದ್ ಮಾಡಿದೆ. ಹತ್ತು ಸಾವಿರ ಕಳಿಸಿದೆ.
ಹತ್ತು ಸಾವಿರವೂ ಮರಳಿದವು.
ಕುರಿಯಾಕೋಸನಿಗೆ ಬರೆದೆ: ಕೇಬಲ್ ಅಲ್ಲ.
ದೋಣಿಯ ವಿಷಯ ಬರೆಯಲಿಲ್ಲ.

ಮೂರು ಗಂಟೆ. ಖಮೀಸ್ ಟಾರ್ಚು ಎತ್ತಿಕೊಂಡ.
ಸರಿಯಾಯಿತಲ್ಲ, ಕೂತಿರು ಎಂದೆ.
ತಲೆಯಾಡಿಸಿದ, ಹೌದೆಂದೋ ಅಲ್ಲವೆಂದೋ, ಹೊರಟೇಹೋದ.
ಮೇಜಿನ ಮೇಲಿದ್ದ ಅವನ ಪುಸ್ತಕ ತಿರುವಿದೆ.
ಪರದೆ ಅಡ್ಡಗೆರೆ ಎಳೆದ ರಾತ್ರಿಗಳಲ್ಲೂ ಇಲ್ಲಿ
ನೀಲಿ ಶಾಯಿಯಲ್ಲಿ ಅಂಕಿಗಳ ಸಾಲು.
ಇವರ ಐದು ನಮ್ಮ ಸೊನ್ನೆಯಷ್ಟೇ ದುಂಡಗೆ.
ಬಂದ ಹೊಸತರಲ್ಲಿ ಒಂದಿಡೀ ತಿಂಗಳು
ಇವನು ಬರೆದದ್ದನ್ನೆಲ್ಲ ನಾನು
ಏನೂ ಇಲ್ಲ ಎಂದೇ ಓದಿದ್ದೆ.